ಜೀಪು ಕಂಡರೆ ಓಡುವವರು

ಎಂಬತ್ಮೂರರಲ್ಲಿ ನನಗೆ ಕುಂದಗೋಳ ಸೀಮೆಯ ಒಂದು ಸರಕಾರಿ ದವಾಖಾನೆಯ ಜೀಪಿನ ಮೇಲೆ ಡ್ಯೂಟಿ ಬಿತ್ತು. ಅದುವರೆಗೆ ನಾನು ಡ್ರೆಸ್ಸರ್, ಅಂದರೆ ಗಾಯ ತೊಳೆದು ಪಟ್ಟಿ ಕಟ್ಟುವವನು. ಗಾಯಗಳು ತಾವಾಗಿಯೇ ನನ್ನ ಸ್ಟೂಲಿನ ಹತ್ತಿರ ಬರುತ್ತಿದ್ದವು. ಇನ್ನು ಮೇಲೆ ನಾನೇ ಅವುಗಳ ಹತ್ತಿರ ಹೋಗಬೇಕು ಎಂಬುದು ಆದೇಶದ ಸಾರಾಂಶ. ಎರಡು ಪುಟದ ಆ ಆದೇಶದಲ್ಲಿ, ಈ ಕೆಲಸದಲ್ಲಿ ಏನೇನು ಎದುರಾಗುತ್ತದೆ ಎನ್ನುವ ಬಗ್ಗೆ ಒಂದಕ್ಷರವೂ ಇರಲಿಲ್ಲ. ಅದನ್ನು ಹೇಳಿದವನು ಡ್ರೈವರ್ ದಾವೂದಸಾಬ.

“ನೋಡ್ರಿ ಶಂಕ್ರಪ್ಪ, ಪೇಶಂಟ್ ಒಬ್ಬ ಇರ್ತಾನ, ಗಾಡಿ ಹತ್ತಾವ್ರು ಒಂಬತ್ತ ಮಂದಿ. ಮೊದಲ ಪೇಶಂಟನ್ನ ಹತ್ತಸ್ರಿ. ಇಲ್ಲಾಂದ್ರ ಅವನ್ನ ಬಿಟ್ಟ ಹೋಗ್ತೇವಿ.”

“ಹಂಗ ಎಲ್ಲೆರ ಆಗತೈತೇನು?”

“ಒಮ್ಮೆ ಆಗೇತಿ. ಸಂಶಿ ಊರ ದಾಟಿದ ಮ್ಯಾಲೆ ನೆನಪಾತು.”

ಈಗ ಈ ಕೆಲಸಕ್ಕೆ ಸೇರುವವರಿಗೆ ತರಬೇತಿ ಇದೆ, ಸಮವಸ್ತ್ರ ಇದೆ, ಗಾಡಿಯೊಳಗೆ ಆಸ್ಪತ್ರೆಯ ಅರ್ಧ ಸಾಮಾನು ಇದೆ. ನಮ್ಮ ಜೀಪಿನಲ್ಲಿ ಎದುರುಬದುರು ಎರಡು ಕಟ್ಟಿಗೆಯ ಹಲಗೆ, ಒಂದು ಸ್ಟ್ರೆಚರ್, ಒಂದು ತಗಡಿನ ಪೆಟ್ಟಿಗೆ ಇದ್ದವು. ಪೆಟ್ಟಿಗೆಯಲ್ಲಿ ಟಿಂಚರು, ಹತ್ತಿ, ಪಟ್ಟಿ, ಜೊತೆಗೆ ದಾವೂದಸಾಬನ ಬೀಡಿ. ಚಳಿಗಾಲದ ಬೆಳಿಗ್ಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಿದರೆ ಮೂರನೇ ಸಲಕ್ಕೆ ಕೆಮ್ಮಿ ಎದ್ದೇಳುತ್ತಿತ್ತು. ಟಿಂಚರು, ಬೀಡಿ, ಬಿಸಿಯಾದ ರೇಡಿಯೇಟರು ಮೂರೂ ಕೂಡಿದ ಆ ವಾಸನೆ ಇವತ್ತಿಗೂ ಎಲ್ಲಾದರೂ ಸುಳಿದರೆ ನನಗೆ ಮೂವತ್ತು ವರ್ಷ ವಯಸ್ಸು ಕಡಿಮೆಯಾಗುತ್ತದೆ.

ಊರ ಅಗಸಿ ಬಾಗಿಲಲ್ಲಿ ಹನಮಪ್ಪನಿಗೆ ಕಾಯಿ ಒಡೆಯದೆ ಯಾರೂ ಗಾಡಿ ಮುಂದೆ ಬಿಡುತ್ತಿರಲಿಲ್ಲ. ಉಸಿರು ಸಿಕ್ಕಿಹಾಕಿಕೊಂಡ ಮುದುಕನ ಜೊತೆ ಅವನ ಆಡೂ ಬರಬೇಕೆಂದು ಹಟ ಹಿಡಿದಿದ್ದನ್ನು ನೋಡಿದ್ದೇನೆ. ಒಮ್ಮೆ ರೈಲ್ವೆ ಗೇಟು ಬಿದ್ದು, ಗೂಡ್ಸ್ ಗಾಡಿ ಹಾದುಹೋಗುವಷ್ಟರಲ್ಲಿ ಹಿಂದಿನ ಹಲಗೆಯ ಮೇಲೆ ಹೆರಿಗೆಯಾಯಿತು. ಮಾಡಿಸಿದ್ದು ನಾನು. ಕೂಸಿಗೆ ಹೆಸರಿಟ್ಟಿದ್ದು ಗೇಟು ಹಾಕಿದವನದು. ಅವನು ಗೇಟು ಹಾಕದಿದ್ದರೆ ಗಾಡಿ ಅಲುಗಾಡಿ ಏನಾಗುತ್ತಿತ್ತೋ ಎಂದು ಕೂಸಿನ ಅಜ್ಜಿ ಹೇಳಿದಳು. ನನಗೂ ಅದು ಒಪ್ಪತಕ್ಕ ಮಾತೆನಿಸಿತು.

ಆದರೆ ಆದೇಶದಲ್ಲೂ ಇಲ್ಲದ, ದಾವೂದಸಾಬನೂ ಹೇಳದ ಒಂದು ಸಂಗತಿ ನನಗೆ ಗೊತ್ತಾಗಿದ್ದು ಮರುವರ್ಷದ ಜನವರಿಯಲ್ಲಿ, ಎರೆಹೊಸಳ್ಳಿಯಲ್ಲಿ.

ಫೋನು ಇಲ್ಲದ ಕಾಲ. ಹಳ್ಳಿಯ ಸುದ್ದಿ ಬಸ್ ಕಂಡಕ್ಟರನ ಬಾಯಲ್ಲಿ ಬರುತ್ತಿತ್ತು. ಅವತ್ತು ಮಧ್ಯಾಹ್ನ ಬಸ್ಸು ನಮ್ಮ ಕಂಪೌಂಡಿನ ಮುಂದೆ ನಿಂತಿತು. ಕಂಡಕ್ಟರು ಇಳಿಯದೆ ಬಾಗಿಲಿಂದಲೇ ಕೂಗಿದ: “ಎರೆಹೊಸಳ್ಳ್ಯಾಗ ಕುರುಬರ ಮಲಕಪ್ಪಗ ಹಾವು ಕಡದೈತಂತ. ನಾಗರ. ಲಗೂನ ಹೋಗ್ರಿ, ಸಣ್ಣ ವಯಸ್ಸಿನಾಂವ.” ಸೀಟಿ ಊದಿ ಹೋದ. ಹಾವಿನ ವಿಷಕ್ಕೆ ಮದ್ದು ಇರುವುದು ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ. ಹಳ್ಳಿಗೆ ಹೋಗಿ, ಅಲ್ಲಿಂದ ಹುಬ್ಬಳ್ಳಿ ಮುಟ್ಟಲು ಎರಡು ತಾಸು ಬೇಕು. ನಾಗರ ಕಚ್ಚಿದವನಿಗೆ ಅಷ್ಟು ವ್ಯಾಳೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಆದಷ್ಟು ಜೋರಾಗಿ ಹೋದೆವು. ಊರು ಹತ್ತಿರವಾದಾಗ ದಾವೂದಸಾಬ ಹಾರ್ನ್ ಹೊಡೆದ. ದಾರಿ ಬಿಡಲಿ, ಸಹಾಯಕ್ಕೆ ನಾಲ್ಕು ಮಂದಿ ಕೂಡಲಿ ಎಂದು. ಅಗಸಿ ದಾಟಿ ಒಳಗೆ ಬಂದರೆ ಊರಲ್ಲಿ ಒಬ್ಬ ಗಂಡಸಿಲ್ಲ. ಗುಡಿಕಟ್ಟೆಯ ಮೇಲೆ ಯಾರೋ ಬಿಟ್ಟುಹೋದ ಚಕ್ಕಾಬಾರಾ ಆಟದ ಕವಡೆ ಬಿದ್ದಿದ್ದವು. ಅರ್ಧ ಕ್ಷೌರವಾದ ಒಬ್ಬನ ಬೆನ್ನು ಓಣಿಯ ತಿರುವಿನಲ್ಲಿ ಮರೆಯಾಯಿತು. ಅವನ ಹಿಂದೆ ಕತ್ತಿ ಹಿಡಿದ ಹಜಾಮನೂ ಓಡುತ್ತಿದ್ದ.

ಮಲಕಪ್ಪನ ತಾಯಿ ದುರ್ಗವ್ವ ಮನೆಯ ಮುಂದೆ ಎರಡೂ ಕೈಯಿಂದ ತಲೆ ಹಿಡಿದುಕೊಂಡು ನಿಂತಿದ್ದಳು. ಹೊರಸು ಖಾಲಿಯಿತ್ತು.

“ಎಲ್ಲದಾನವ್ವಾ ಪೇಶಂಟು?”

“ಓಡಿಹೋದ.”

“ಹಾವು ಕಡದಾಂವ?”

“ನಿಮ್ಮ ಗಾಡಿ ಸಪ್ಪಳ ಕೇಳಿದ್ದ ತಡ, ಅವರಣ್ಣ ಕರಿಸಿದ್ದಪ್ಪ ಬಂದ, ತಮ್ಮನ ರಟ್ಟಿ ಹಿಡದ, ಇಬ್ರೂ ಜ್ವಾಳದ ಹೊಲಾ ಹೊಕ್ಕರು. ಅದು ಮಕ್ಕಳಾಗದಂಗ ಮಾಡೂ ಗಾಡಿ ಅಲ್ಲನೋ ಯಪ್ಪಾ! ಬ್ಯಾರೆ ಗಾಡಿ ಇರಲಿಲ್ಲೇನ ನಿಮಗ?”

ಆಗ ನಾನು ಇಳಿದು ನಮ್ಮ ಜೀಪನ್ನು ಹೊರಗಿನವನಂತೆ ನೋಡಿದೆ. ಬಿಳಿ ಬಣ್ಣದ ಮೇಲೆ ಕೆಂಪು ಕ್ರಾಸು ಬರೆದಿತ್ತು. ಬಿಳಿಯ ಕೆಳಗೆ, ಬಿಸಿಲಿಗೆ ಉಬ್ಬಿ, ಕುಟುಂಬ ಯೋಜನೆಯ ಕೆಂಪು ತ್ರಿಕೋನ ಇಣುಕುತ್ತಿತ್ತು. ಎಪ್ಪತ್ತಾರರ ತುರ್ತು ಪರಿಸ್ಥಿತಿಯಲ್ಲಿ ಈ ಜೀಪು ಹಳ್ಳಿಯಿಂದ ಗಂಡಸರನ್ನು ತುಂಬಿಕೊಂಡು ಆಪರೇಶನ್ ಕ್ಯಾಂಪಿಗೆ ಒಯ್ಯುತ್ತಿತ್ತು. ಎಷ್ಟು ತಲೆ ಎಂದು ಮೇಲಿನಿಂದ ಟಾರ್ಗೆಟ್ ಬರುತ್ತಿದ್ದ ಕಾಲ ಅದು. ಕಾಲ ಮುಗಿದಿತ್ತು. ಹಾರ್ನು ಮಾತ್ರ ಅದೇ ಇತ್ತು.

ನಾಗರದ ವಿಷ ಏರಿದವನು ಒಂದು ಹೆಜ್ಜೆಯೂ ನಡೆಯಬಾರದು. ಇವನು ಓಡುತ್ತಿದ್ದ.

ದಾವೂದಸಾಬ ಇಂಜಿನ್ ಬಂದ್ ಮಾಡಿದ. ಮಲಕಪ್ಪನ ಹೆಂಡತಿ ರೇಣುಕವ್ವ ಸೀರೆ ಕಚ್ಚೆ ಕಟ್ಟಿ, ಹಕ್ಕಿ ಹೊಡೆಯಲು ಹಾಕಿದ ಅಟ್ಟಣಿಗೆಯನ್ನು ಸರಸರ ಹತ್ತಿದಳು. ಎರೆಹೊಲದ ಜೋಳ ಆ ವರ್ಷ ಆಳೆತ್ತರ ಮೀರಿ ಬೆಳೆದಿತ್ತು. ಒಳಗೆ ಹೋದವನು ಆನೆಯಾದರೂ ಕಾಣುತ್ತಿರಲಿಲ್ಲ. ಮೇಲಿಂದ ಕಾಣುವುದು ತೆನೆ ಮಾತ್ರ.

“ಅಲ್ಲಿ, ಬನ್ನಿಗಿಡದ ಬಾಜು ತೆನಿ ಅಲಗಾಡಾಕತ್ತಾವು!” ಎಂದು ಕೂಗಿದಳು. ಆಮೇಲೆ ಹೊಲದ ಕಡೆ ತಿರುಗಿ, “ಏ ಹೇಡೀ! ನಿಂದರಲೇ! ಒಂದ ಹೆಣ್ಣ ಕೂಸ ಕೊಟ್ಟ ಸಾಯಾಕ ಹೊಂಟೀಯೇನ? ನಿಂತ ಸಾಯಿ, ಮಾರಿಯರ ನೋಡ್ತೇನಿ!”

ತೆನೆಗಳು ಇನ್ನೂ ಹತ್ತು ಮಾರು ದೂರ ಅಲುಗಾಡಿದವು. ಆಮೇಲೆ ನಿಂತವು.

ರೇಣುಕವ್ವನ ಬೈಗಳವೂ ನಿಂತಿತು. ಅಲುಗಾಟ ನಿಲ್ಲಲೆಂದು ಕೂಗಿದವಳು, ಅದು ನಿಂತಾಗ ಅಟ್ಟಣಿಗೆಯಿಂದ ದಡದಡ ಇಳಿದಳು.

ನಾನು, ದಾವೂದಸಾಬ, ದುರ್ಗವ್ವನೂ ಸೇರಿ ಏಳೆಂಟು ಹೆಂಗಸರು ಸಾಲು ಹಿಡಿದು ಒಳಹೊಕ್ಕೆವು. ಬನ್ನಿಗಿಡದ ಆಚೆ ಮಲಕಪ್ಪ ಕಾಲು ಚಾಚಿ ಕುಳಿತಿದ್ದ. ರೆಪ್ಪೆಗಳು ಅರ್ಧ ಇಳಿದಿದ್ದವು. ತುಟಿಯ ಮೂಲೆಯಿಂದ ಜೊಲ್ಲು ಸೋರುತ್ತಿತ್ತು. ಅವನ ಮುಂದೆ ಕರಿಸಿದ್ದಪ್ಪ ಕುಡಗೋಲು ಹಿಡಿದು ನಿಂತಿದ್ದ. ಮೂವತ್ತರ ಆಸುಪಾಸಿನ ಗಟ್ಟಿ ಆಳು, ಹೆಗಲ ಮೇಲೆ ಕಂಬಳಿ.

“ಮುಂದ ಬರಬ್ಯಾಡ್ರಿ,” ಎಂದ. ನನ್ನ ಖಾಕಿ ಅಂಗಿಯನ್ನು ನೋಡಿದ. ಆಮೇಲೆ ನನ್ನ ಹಿಂದಿನವನನ್ನು ನೋಡಿ ಕುಡಗೋಲು ಎತ್ತಿದ. “ಇಂವಽ! ಇಂವಽ ನನ್ನ ಒಯ್ದಿದ್ದ. ಬೀಜಕ್ಕ, ಗೊಬ್ಬರಕ್ಕ ಚೀಟಿ ಕೊಡ್ತಾರ ಬಾ ಅಂತ ಸಂತ್ಯಾಗ ಹತ್ತಿಸಿಕೊಂಡ. ನಿಶ್ಚೇವಾಗಿತ್ತೋ ನಂದು! ಹದಿನೈದ ದಿನಕ್ಕ ಲಗ್ನ ಇತ್ತು!”

ನಾನು ದಾವೂದಸಾಬನ ಕಡೆ ತಿರುಗಿದೆ. ಅಲ್ಲ ಎನ್ನುತ್ತಾನೆ, ಬೇರೆ ಡ್ರೈವರ್ ಇದ್ದ ಎನ್ನುತ್ತಾನೆ ಎಂದುಕೊಂಡಿದ್ದೆ. ಸರಕಾರಿ ನೌಕರಿಯಲ್ಲಿ ಆಗ ಬೇರೆಯವರು ಇರುವುದೇ ರೂಢಿ.

“ಹೌದಪಾ, ನಾನಽ,” ಎಂದ ದಾವೂದಸಾಬ. “ಚೀಟಿ ಕೊಡ್ತಾರಂತ ಅಂದಾಂವ ಬ್ಯಾರೆ, ಗಾಡಿ ಹೊಡದಾಂವ ನಾನು. ಹೊಡದಿದ್ದು ಹೊಡದಿದ್ದಽ. ಇವತ್ತ ಒಯ್ಯದಿದ್ರ ನಿನ್ನ ತಮ್ಮನ್ನ ಕೊಂದಾಂವನೂ ನಾನಽ ಆಗ್ತೇನಿ. ಎರಡೂ ನನ್ನ ತಲಿಮ್ಯಾಲ ಹಾಕಬ್ಯಾಡ. ಕುಡಗೋಲು ಹಾಕೂದಿದ್ರ ಹುಬ್ಬಳ್ಳ್ಯಾಗ ಹಾಕು.”

ಕರಿಸಿದ್ದಪ್ಪ ಕುಡಗೋಲು ಇಳಿಸಲೂ ಇಲ್ಲ, ಬೀಸಲೂ ಇಲ್ಲ. ನಾನು ಅಷ್ಟರಲ್ಲಿ ಮಲಕಪ್ಪನ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತು, ಒಂದು ಜೋಳದ ದಂಟು ಮುರಿದು, ಕಾಲು ಅಲುಗಾಡದಂತೆ ಅದಕ್ಕೆ ಪಟ್ಟಿ ಸುತ್ತತೊಡಗಿದ್ದೆ. ಬೇರೇನು ಮಾಡಲೂ ನನಗೆ ಬರುತ್ತಿರಲಿಲ್ಲ. ಮಲಕಪ್ಪ ತೊದಲುತ್ತ ಅಣ್ಣನ ದೋತರದ ಚುಂಗು ಹಿಡಿದ.

“ಎಣ್ಣಾ... ನೀ ಬರತೀಯೇನು? ನೀ ಬಂದ್ರ ಬರತೇನಿ.”

ಏಳು ವರ್ಷದಿಂದ ಆ ಜೀಪಿನ ಸಪ್ಪಳ ಕೇಳಿದಾಗಲೆಲ್ಲ ಊರಿಗೆ ಮೊದಲು ‘ಓಡ್ರಿ’ ಎಂದು ಕೂಗುತ್ತಿದ್ದವನು ಕರಿಸಿದ್ದಪ್ಪನೇ ಅಂತೆ. ಆಮೇಲೆ ದುರ್ಗವ್ವ ಹೇಳಿದಳು. ಅವನು ತಮ್ಮನ ರೆಪ್ಪೆಯನ್ನು ನೋಡಿದ. ಹೆಬ್ಬೆರಳಿನಿಂದ ಒಂದನ್ನು ಮೇಲಕ್ಕೆತ್ತಿ ಬಿಟ್ಟ. ಅದು ಹಾಗೆಯೇ ಕೆಳಗೆ ಬಿತ್ತು.

“ನನ್ನ ಕಡೆ ಇನ್ನ ಏನ ಉಳದೈತಂತ ಅಂಜಲಿ? ನಡೀರಿ,” ಎಂದು ಕುಡಗೋಲನ್ನು ತಾಯಿಯ ಕೈಗೆ ಕೊಟ್ಟು, ಹೆಗಲ ಕಂಬಳಿಯನ್ನು ನೆಲಕ್ಕೆ ಹಾಸಿದ.

ಕಂಬಳಿಯ ಎರಡು ಮೂಲೆ ನಾವು ಗಂಡಸರು, ಉಳಿದದ್ದು ಹೆಂಗಸರು. ನಾಲ್ಕು ಫರ್ಲಾಂಗು ಹೊತ್ತೆವು. ಊರಿನ ಉಳಿದ ಗಂಡಸರು ಹೊಲಗಳ ಅಂಚಿನಲ್ಲಿ ತಲೆ ಎತ್ತಿ ನೋಡುತ್ತಿದ್ದರು. “ಬರ್ರ್ಯೋ, ಹೊರಾಕ ಬರ್ರಿ! ನಿಮ್ಮನ್ನ ಯಾರೂ ಕೇಳಾವಲ್ರು!” ಎಂದು ರೇಣುಕವ್ವ ಹೊಲಗಳಿಗೆ ಕೂಗಿದಳು. ಒಬ್ಬನೂ ಬರಲಿಲ್ಲ. ಅರ್ಧ ಕ್ಷೌರದವನು ಮಾತ್ರ ಬಂದು ಒಂದು ಮೂಲೆ ಹಿಡಿದ.

ಕರಿಸಿದ್ದಪ್ಪನೇ ಮೊದಲು ಹತ್ತಿದ. ಹಿಂದೆ ದುರ್ಗವ್ವ, ರೇಣುಕವ್ವ, ನಾನು. ಜಾಗ ಸಾಲದೆ ಅವನು ಮುಂದಿನ ಸೀಟಿಗೆ, ದಾವೂದಸಾಬನ ಬಾಜು ಹೋದ. ಅವತ್ತು ಅಗಸಿಯಲ್ಲಿ ಕಾಯಿ ಒಡೆಯಲು ಯಾರಿಗೂ ನೆನಪಾಗಲಿಲ್ಲ.

ನನ್ನ ಕೆಲಸ ಇಷ್ಟೇ: ಮಲಕಪ್ಪನನ್ನು ಓರೆಯಾಗಿ ಮಲಗಿಸಿ, ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟದಂತೆ ಗದ್ದವನ್ನು ಮುಂದಕ್ಕೆ ಹಿಡಿದುಕೊಂಡು ಕೂಡುವುದು. ಗದ್ದ ಹಿಡಿದುಕೊಂಡೇ ಉಸಿರು ಎಣಿಸುತ್ತಿದ್ದೆ. ಎಣಿಕೆ ಕಡಿಮೆಯಾಗುತ್ತ ಬಂತು. ರೇಣುಕವ್ವ ನನ್ನ ತುಟಿಯನ್ನೇ ನೋಡುತ್ತಿದ್ದಳು. ಅವಳಿಗೆ ತಿಳಿಯಬಾರದೆಂದು ತುಟಿ ಅಲುಗಿಸದೆ ಎಣಿಸಲು ಕಲಿತೆ.

ರೈಲ್ವೆ ಗೇಟು ತೆರೆದಿತ್ತು. ಅದನ್ನು ದಾಟಿದ ಮೇಲೆ ಕರಿಸಿದ್ದಪ್ಪ ಕೇಳಿದ:

“ಅವತ್ತೂ ಇಷ್ಟ ಜೋರ ಹೊಡದಿದ್ದ್ಯೇನು ಸಾಬಾ?”

“ಇಲ್ಲಪಾ. ಅವತ್ತ ಸಾವಕಾಶ ಹೊಡದಿದ್ದೆ. ಹಿಂದಿನ ಫಳಿನೂ ಬಿಗಿದಿರಲಿಲ್ಲ.”

“ಯಾಕ?”

“ಯಾರರ ಜಿಗದ ಓಡಿಹೋಗಲಿ ಅಂತ.”

ಕರಿಸಿದ್ದಪ್ಪ ತಿರುಗಿ ಜೀಪಿನ ಹಿಂಬದಿಯ ಹಲಗೆ ಬಾಗಿಲನ್ನು ನೋಡಿದ.

“ನನಗ ಹೊಳೀಲಿಲ್ಲ ನೋಡು,” ಎಂದ. “ಗೊಬ್ಬರದ ಚೀಟಿ ಎಲ್ಲೆ ತಪ್ಪೀತೋ ಅಂತ ನಾನಽ ಗಟ್ಟಿ ಹಿಡಕೊಂಡ ಕುಂತಿದ್ದೆ.”

ಆಮೇಲೆ ಹುಬ್ಬಳ್ಳಿಯವರೆಗೆ ದಾವೂದಸಾಬ ಹಾರ್ನ್ ಹೊಡೆಯುತ್ತಲೇ ಇದ್ದ, ಎದುರಿಗೆ ಏನೂ ಇಲ್ಲದಾಗಲೂ.

ದವಾಖಾನೆ ಮುಟ್ಟಿದಾಗ ಎಣಿಕೆ ನಿಮಿಷಕ್ಕೆ ಎಂಟು ಇತ್ತು. ಡಾಕ್ಟರು ರೆಪ್ಪೆ ಎತ್ತಿ ನೋಡಿ, “ಇನ್ನ ಹತ್ತ ನಿಮಿಷ ತಡಾ ಮಾಡಿದ್ರ ನನ್ನ ಕಡೆ ಯಾಕ ಬರ್ತಿದ್ರಿ,” ಎಂದು ಬೈದರು. ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಶಾಭಾಸಗಿರಿ ಸಿಗುವುದಿಲ್ಲ. ಮದ್ದು ಏರಿಸಿದರು. ನಾವು ಜೀಪು ತಿರುಗಿಸಿದೆವು. ನನ್ನ ಬೆರಳುಗಳು ಇನ್ನೂ ಗದ್ದ ಹಿಡಿದಂತೆಯೇ ಬಾಗಿದ್ದವು.

ಮರುದಿನ ಬೆಳಿಗ್ಗೆ ಇನ್ನೊಬ್ಬ ಪೇಶಂಟನ್ನು ತಂದಾಗ ವಾರ್ಡಿಗೆ ಹೋಗಿ ಇಣುಕಿದೆವು. ಬಾಗಿಲಲ್ಲೇ ನರ್ಸಬಾಯಿ ತಡೆದು ದೂರು ಹೇಳಿದಳು: “ಆ ಅಣ್ಣಾಂದು ಏನ ಕಾಟ ಅಂತೀರಿ! ಕಾಲದೆಸಿ ಸ್ಟೂಲ್ ಹಾಕ್ಕೊಂಡ ಕುಂತಾನ, ಚಾದರ ಬದಲೀ ಮಾಡಾಕ ಬಿಡವಲ್ಲ, ಯಾರನ್ನೂ ಸಮೀಪ ಬಿಡವಲ್ಲ. ಸಲಾಯಿನ್ ನೋಡಾಕ ಹೋದ್ರೂ ‘ತಲಿ ಕಡಿಂದ ಬಾರವ್ವಾ’ ಅಂತಾನ.”

ಒಳಗೆ ಮಲಕಪ್ಪನ ಕಣ್ಣು ತೆರೆದಿದ್ದವು, ಎರಡೂ. ಅಣ್ಣನನ್ನು ನೋಡಿದ, ತಾಯಿಯನ್ನು ನೋಡಿದ. ಆಮೇಲೆ ಮೆಲ್ಲಗೆ ಅವನ ಕೈ ಚಾದರದ ಒಳಗೆ ಹೋಯಿತು. ದುರ್ಗವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು.

“ಎಲ್ಲಾ ಐತೇನಪಾ?” ಎಂದ ಕರಿಸಿದ್ದಪ್ಪ.

“ಐತಿ ಅನಸ್ತೈತಿ.”

“ಹಂಗ ಮುಟ್ಟಿ ನೋಡಿದ್ರ ತಿಳಿಯಂಗಿಲ್ಲಲೇ ಹುಚ್ಚಪ್ಯಾಲಿ. ಮುಟ್ಟಿ ನೋಡಿದ್ರ ನಂದೂ ಎಲ್ಲಾ ಐತಿ.”

ಮಲಕಪ್ಪ ಕೈ ಹೊರಗೆ ತೆಗೆದ. “ಮತ್ತ ಹೆಂಗ ತಿಳೀಬೇಕೋ ಎಣ್ಣಾ?”

ಕರಿಸಿದ್ದಪ್ಪ ಸ್ಟೂಲನ್ನು ಇನ್ನಷ್ಟು ಮಂಚದ ಹತ್ತಿರ ಎಳೆದುಕೊಂಡ. ಅವನ ಕಣ್ಣು ಕೆಂಪಾಗಿದ್ದವು.

“ನಾ ಕುಂತಿದ್ನಲ್ಲೋ ಇಲ್ಲೆ,” ಎಂದ. “ಒಂದ ರೆಪ್ಪಿ ಬಡದಿಲ್ಲ. ಯಾರೂ ಬಂದಿಲ್ಲ, ಮಲಕೋ.”