ಸ್ಕೇಲಿಟ್ಟು ಎಳೆದ ಗೆರೆ

ಕಂಬದ ಮೇಲಿನ ಸ್ಪೀಕರು ಮತ್ತೆ ಕೆಮ್ಮಿತು, ಕಲ್ಲು ಹೊರೋಕೆ ಬಂದವರೆಲ್ಲ ಸಭೆಗೆ ಬನ್ನಿ, ದೊನ್ಯಾ ಫ್ರೆಸಿಯಾ ಮನೇಲಿ ಹಂದಿ ಹುರಿದದ್ದು ಬಿಸಿಬಿಸಿ ಇದೆ, ನೀರಿನ ಲಾರಿ ಹನ್ನೊಂದಕ್ಕೆ — ಎಲ್ಲ ಒಂದೇ ಉಸಿರಿನಲ್ಲಿ, ಲಾರಿ ಮೊದಲು ಬರಬೇಕಿತ್ತು, ಹಂದಿ ಕೊನೆಗೆ, ನೋಹೆಮಿ ಮನಸ್ಸಿನಲ್ಲೇ ತಿದ್ದುತ್ತಾಳೆ, ತಿದ್ದಿ ಯಾರಿಗೆ ಕೊಡುವುದು, ಚಟ ಅಷ್ಟೆ, ತಗಡಿನ ಸೂರಿನ ಕೆಳಗೆ ಬೆಂಚಿನ ತುದಿಯಲ್ಲಿ ಕೂತು ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡಿದ್ದಾಳೆ, ತಾನು ಬರೆದು ತಂದ ಮನವಿಯ ಫೈಲು ಆಗಲೇ ಮುಂದಿನ ಮೇಜಿಗೆ ಹೋಗಿದೆ, ಇನ್ನು ಹಿಂದಕ್ಕೆ ಕೇಳುವಂತಿಲ್ಲ. ಬೂಟಿನೊಳಗೆ ಗುಡ್ಡದ ಮರಳು. ಸಂದರ್ಶನದ ಬೂಟು ಹಾಕಿಕೊಂಡು ಸಾನ್ ಹಿಲಾರಿಯೋ ಗುಡ್ಡ ಹತ್ತುವವಳು ಇವಳೊಬ್ಬಳೇ ಇರಬೇಕು, ಉಳಿದವರ ಕಾಲಲ್ಲಿ ಚಪ್ಪಲಿ, ಅಂಗೈ ತುಂಬ ಬೆಳಗಿನ ಕಲ್ಲಿನ ಧೂಳು, ಲೀಮಾದ ಮಂಜು ಅದರ ಮೇಲೆ ಕೂತು ಕೆಸರಾಗಿದೆ. ಹೇಳಬೇಕಾದದ್ದು ಬಾಯಿಪಾಠ, ನಾನು ನೋಹೆಮಿ, ಬರೆದುಕೊಡುವ ಕೆಲಸ ನನ್ನದು, ನಿಮ್ಮ ಸಂಘದ ಮನವಿ, ಕರಪತ್ರ, ಪ್ರಕಟಣೆ ಏನೇ ಇರಲಿ, ಓದಿದವರು ಇಲ್ಲ ಎನ್ನಲಾಗದ ಹಾಗೆ — ಎಷ್ಟು ಜನ ಇಲ್ಲ ಎಂದರು ಈ ಏಳು ತಿಂಗಳಲ್ಲಿ, ಹೊಲಿಗೆ ಶಾಲೆ, ಹಲ್ಲಿನ ಡಾಕ್ಟರು, ಚರ್ಚಿನ ಪಾದ್ರಿ, ಅಲ್ಲಿಟ್ಟು ಹೋಗಮ್ಮ ಫೋನ್ ಮಾಡ್ತೀವಿ, ಯಾವ ಫೋನೂ ಬರಲಿಲ್ಲ. ಹನ್ನೊಂದು ವರ್ಷ ಜಾಹೀರಾತು ಕಂಪನಿಯಲ್ಲಿ ಡಬ್ಬಿ ಹಾಲಿಗೆ ಸಾಲು ಬರೆದವಳು, ಕಂಪನಿ ಬಾಗಿಲು ಮುಚ್ಚಿದ ದಿನ ಇನ್ನು ನಾನೇ ನನ್ನ ಕಂಪನಿ ಎಂದು ಎಲ್ಲರ ಮುಂದೆ ಬೀಗಿದವಳು. ಇದೇ ಕೊನೆಯ ಬಾಗಿಲು. ಇದೂ ಆಗದಿದ್ದರೆ ನಾಳೆ ಬೆಳಿಗ್ಗೆ ಐದಕ್ಕೆ ಮಾರುಕಟ್ಟೆಯಲ್ಲಿ ರೊಸಾಲ್ಬಾಳ ಕೋಳಿ ಅಂಗಡಿ, ಚಿಕ್ಕಮ್ಮನ ಮಗಳು ಅವಳು, ಮೊನ್ನೆಯೇ ನಕ್ಕಳು, ಬಾರೇ, ಪುಕ್ಕ ಕೀಳೋಕೆ ವ್ಯಾಕರಣ ಬೇಕಾಗಿಲ್ಲ. ನೋಹೆಮಿಯೂ ನಕ್ಕಿದ್ದಳು, ನಗದೆ ಇನ್ನೇನು ಮಾಡುವುದು.

ಆದರೆ ಇದು ಆದೀತು ಅನ್ನಿಸಿತ್ತು, ಗುರುವಾರ ಇಲ್ಲಿಗೆ ಕೇಳಿಕೊಂಡು ಬಂದಾಗ ಅನ್ನಿಸಿತ್ತು, ಮೇಲಿಂದ ಬಂಡೆ ಉರುಳಿ ಯಾರದೋ ಅಡುಗೆಮನೆಯೊಳಗೇ ಬಂದು ಕೂತಿದೆಯಂತೆ, ತಡೆಗೋಡೆ ಬೇಕು ಅಂತ ಇವರು ನಗರಸಭೆಗೆ ಮೂರು ಸಲ ಬರೆದರೂ ಉತ್ತರವಿಲ್ಲವಂತೆ, ಇಂಥವರಿಗಲ್ಲದೆ ಇನ್ನಾರಿಗೆ ಬರೆಯುವವಳು ಬೇಕು. ಕಾರ್ಯದರ್ಶಿ ದೊನ್ಯಾ ಎರ್ಮೆಲಿಂದಾ ಕನ್ನಡಕ ಏರಿಸಿ ನೋಡಿದ್ದಳು, ನಿನ್ನ ಎಲ್ಲೋ ನೋಡಿದ ಹಾಗಿದೆಯಲ್ಲೇ — ಹೂಂ, ನಾನು ಇಲ್ಲೇ ಹುಟ್ಟಿದವಳು, ಎವುಸೇಬಿಯಾ ಪೌಕಾರ್ ಮಗಳು, ಅಮ್ಮ ತೀರಿಕೊಂಡ ಮೇಲೆ ಚಿಕ್ಕಮ್ಮ ಕೆಳಗೆ ಕರೆದುಕೊಂಡು ಹೋದರು, ಆಗ ನನಗೆ ಆರು. ಅದನ್ನು ಹೇಳುವಾಗ ದನಿ ತುಸು ಇಳಿಸಿದ್ದಳು, ಊರಿನ ಮಗಳು ಎಂದರೆ ಕೆಲಸ ಬೇಗ ಸಿಗುತ್ತದೆ, ಥೂ, ಅದನ್ನೂ ಡಬ್ಬಿ ಹಾಲಿನ ಹಾಗೆ ಮಾರಿದಳು. ಮುದುಕಿ ಬಿಸ್ಕತ್ತಿನ ಡಬ್ಬಿಯಿಂದ ನಾಲ್ಕು ಹಾಳೆ ತೆಗೆದುಕೊಟ್ಟಳು, ಹಳೇ ಮನವಿ, ನಮ್ಮ ಹತ್ರ ಇದೊಂದೇ ಇರೋದು ಮಗಳೇ, ಜೋಪಾನ. ಜೋಪಾನ ಎಂದದ್ದು ಕೇಳಿಸಿತ್ತು, ಕೇಳಿಸಲಿಲ್ಲ ಎನ್ನುವ ಹಾಗಿಲ್ಲ. ಮನೆಗೆ ಬಂದು ನೋಡಿದರೆ ಒಂದೂವರೆ ಹಾಳೆ ವಿಷಯ, ಎರಡೂವರೆ ಹಾಳೆ ಬರೀ ಹೆಸರು, ಒತ್ತೊತ್ತಾಗಿ, ಗುಡ್ಡದಲ್ಲಿ ಚಾಪೆಯ ಗೋಡೆಗಳಷ್ಟೇ ಇದ್ದಾಗ ಕಲ್ಲು ಹೊತ್ತವರು ನೀರು ಹೊತ್ತವರು, ಈಗ ಇಲ್ಲದವರು, ಯಾವ ಅಧಿಕಾರಿ ಓದುತ್ತಾನೆ ಇದನ್ನೆಲ್ಲ, ಇವಳೇ ಓದಲಿಲ್ಲವಲ್ಲ, ಒಂದು ಹೆಸರನ್ನೂ ಓದಲಿಲ್ಲ, ಕೆಂಪು ಪೆನ್ನು, ಸ್ಕೇಲು, ಈ ಮೂಲೆಯಿಂದ ಆ ಮೂಲೆಗೆ ಒಂದು ಹಾಳೆಗೆ ಒಂದೇ ಗೆರೆ. ಆಮೇಲೆ ಕಂಪನಿಯಲ್ಲಿ ಕಲಿತಂತೆ ಹೊಸದನ್ನು ಮೇಲಿಟ್ಟು ಹಳೆಯದನ್ನು ಅದರ ಬೆನ್ನಿಗೆ ಪಿನ್ನು ಹೊಡೆದಳು, ಗಿರಾಕಿಗೆ ಎರಡೂ ತೋರಿಸಬೇಕು, ನೋಡಿ, ನಾಲ್ಕು ಹಾಳೆ ಒಂದಾಯಿತು.

ಎಲ್ಲರೂ ಎದ್ದು ನಿಂತರು, ಯಾಕೆ, ಅಧ್ಯಕ್ಷ ದೊನ್ ತೆಯೋದೋಸಿಯೋ ಟೋಪಿ ತೆಗೆದು, ಮೊದಲು ನಮ್ಮವರ ಹೆಸರು ಆಗ್ಲಿ, ಆಮೇಲೆ ಉಳಿದದ್ದು. ಇದು ಇವಳಿಗೆ ಗೊತ್ತಿರಲಿಲ್ಲ. ಆರು ವರ್ಷದವಳಿಗೆ ಏನು ಗೊತ್ತಿರುತ್ತದೆ, ಕೆಳಗೆ ಯಾರು ಹೇಳಬೇಕು, ಪ್ರತಿ ಸಭೆಗೂ ಮೊದಲು ಸತ್ತವರ ಹಾಜರಿ ಕರೆಯುತ್ತಾರೆಂದು, ಬಿಸ್ಕತ್ತಿನ ಡಬ್ಬಿಯ ಹಾಳೆ ಅದಕ್ಕೇ ಇದ್ದದ್ದೆಂದು — ಮುದುಕಿ ಫೈಲು ಬಿಚ್ಚಿದಳು, ಮೇಲಿನ ಹಾಳೆ ಮಗುಚಿದಳು, ಇನ್ನೊಂದು ಮಗುಚಿದಳು, ಬೆರಳು ನಿಂತಿತು. ಇವಳ ಕಡೆ ನೋಡಲಿಲ್ಲ ಮುದುಕಿ, ನೋಡಿದ್ದರೆ ಚೆನ್ನಾಗಿತ್ತು, ಬೈದಿದ್ದರೆ ಇನ್ನೂ ಚೆನ್ನಾಗಿತ್ತು, ಹಾಳೆಯನ್ನು ಕಣ್ಣಿನ ಹತ್ತಿರ ತಂದು ಓದತೊಡಗಿದಳು, ಸಿಪ್ರಿಯಾನೋ ಆಯ್ಮಾ, ಹಿಂದಿನಿಂದ ಒಂದು ಗಂಡುದನಿ ಹಾಜರ್, ಲಿಯೋಕಾದಿಯಾ ತಿತೋ, ಕಿಟಕಿಯ ಹತ್ತಿರ ಇಬ್ಬರು ಅಕ್ಕತಂಗಿಯರು ಒಟ್ಟಿಗೆ ಹಾಜರ್, ಫೌಸ್ತಿನೋ, ಫೌಸ್ತಿನೋ ಯಾರಪ್ಪಾ ಇದು, ಗೆರೆ ಬಿದ್ದು ಕಾಣ್ತಿಲ್ಲ — ನಮ್ಮಪ್ಪ ಕಣಕ್ಕಾ, ಫೌಸ್ತಿನೋ ಸುಲ್ಕಾ, ಹಾಜರ್. ಗೆರೆ ಎಲ್ಲಿ ಯಾವ ಅಕ್ಷರದ ಮೇಲೆ ಹಾದಿದೆಯೆಂದು ನಿಂತು ನಿಂತು ಓದುವ ಮುದುಕಿಯ ದನಿಯಿಂದಲೇ ಗೊತ್ತಾಗುತ್ತಿದೆ, ಬೂಟಿನೊಳಗಿನ ಮರಳು ಚುಚ್ಚುತ್ತಿದೆ, ಇದೇ ಮರಳು, ಅಮ್ಮ ಹಗಲೆಲ್ಲ ಕಲ್ಲು ಹೊತ್ತ ಪಟ್ಟೆ ಬಟ್ಟೆಯನ್ನು ಸಂಜೆ ಒದರಿ ಅದರಲ್ಲೇ ಇವಳನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದಳು, ಒದರಿದರೂ ಮರಳು ಉಳಿದಿರುತ್ತಿತ್ತು, ತೊಡೆಗೆ ಚುಚ್ಚುತ್ತಿತ್ತು, ಅಮ್ಮಾ ಚುಚ್ಚುತ್ತೆ, ಇನ್ನೇನು ಮನೆ ಬಂತು ಕೂಸೇ — ಎವುಸೇಬಿಯಾ ಪೌಕಾರ್.

ಅಮ್ಮನ ಹೆಸರೂ ಅದರೊಳಗಿತ್ತೇ, ಇರದೆ ಎಲ್ಲಿರುತ್ತದೆ, ಅಮ್ಮನ ಪರವಾಗಿ ಹೇಳುವವರು ಇವಳೊಬ್ಬಳೇ, ಒಂದು ಮಾತು, ಒಂದೇ, ಹನ್ನೊಂದು ವರ್ಷ ಮಾತು ಮಾರಿದವಳ ಬಾಯಲ್ಲಿ ನಾಲಿಗೆ ಅಂಟಿಕೊಂಡಿದೆ. ಎವುಸೇಬಿಯಾ ಪೌಕಾರ್, ಮುದುಕಿ ಇನ್ನೊಮ್ಮೆ ಕರೆದಳು. ಮಗಳು ಬಂದಿದ್ದಾಳಲ್ಲ, ಯಾರೋ ಪಿಸುಗುಟ್ಟಿದರು, ತಲೆಗಳು ತಿರುಗಿದವು, ಯಾವ ಮುಖವಿಟ್ಟುಕೊಂಡು ಹೇಳುವುದು, ಹೊಡೆದುಹಾಕಿದವಳೇ ಹಾಜರ್ ಎನ್ನುವುದೇ. ಮೂರನೇ ಸಲ ಹೆಸರು ಕರೆದು ಮುದುಕಿ ತಾನೇ ಮೆಲ್ಲಗೆ ಹಾಜರ್ ಎಂದಳು, ಮುಂದಿನ ಹೆಸರಿಗೆ ಹೋದಳು. ಆಮೇಲೆ ದೊನ್ ತೆಯೋದೋಸಿಯೋ ಹೊಸ ಹಾಳೆ ಓದಿಸಿದ, ಹೇಳಮ್ಮ ನೀನೂ ಏನಾದ್ರೂ ಹೇಳು ಎಂದ, ನೋಹೆಮಿ ಎದ್ದು ಒಂದೇ ಹಾಳೆಯಲ್ಲಿ ಮುಗಿದಿದೆ ಎಂದಳು, ಬಾಯಿಪಾಠದಲ್ಲಿ ಉಳಿದದ್ದು ಅಷ್ಟೇ. ಚೆನ್ನಾಗೈತೆ ಕಣಮ್ಮ, ಪೇಪರಲ್ಲಿ ಬಂದಂಗೈತೆ, ಆದ್ರೆ ಇದರಲ್ಲಿ ನಾವೆಲ್ಲಿದೀವಿ, ಎಂದ ಅಧ್ಯಕ್ಷ. ಕೋಪವಿರಲಿಲ್ಲ ಆ ಮಾತಿನಲ್ಲಿ, ನಿಜವಾಗಿಯೂ ಹುಡುಕುತ್ತಿದ್ದ. ಹಳೇದನ್ನೇ ನಕಲು ಮಾಡಿ ನಾಲ್ಕನೇ ಸಲ ಕಳಿಸೋಣ ಎಂದಳು ದೊನ್ಯಾ ಎರ್ಮೆಲಿಂದಾ, ಕೈಗಳು ಎದ್ದವು, ಎಲ್ಲ ಕೈಗಳೂ. ಯಾರೋ ಇವಳ ಕೈಗೆ ಸೂಪಿನ ಬಟ್ಟಲು ಕೊಟ್ಟರು, ತಿನ್ನು ಮಗಳೇ, ಬೆಳಗಿಂದ ಏನೂ ತಿಂದಿಲ್ಲ ನೀನು, ಕಲ್ಲು ಹೊರದವಳಿಗೂ ಬಟ್ಟಲು ತುಂಬ ಹಾಕಿದ್ದಾರೆ, ನುಂಗಲಾಗದು, ನಾಳೆ ಐದಕ್ಕೆ ಕೋಳಿ, ಬಿಸಿನೀರು, ಪುಕ್ಕ, ವ್ಯಾಕರಣ ಬೇಕಾಗಿಲ್ಲ, ಸರಿಯಾಗಿಯೇ ಹೇಳಿದಳು ರೊಸಾಲ್ಬಾ. ಮೇಜಿನ ಮೇಲೆ ಮುದುಕಿ ಬೆರಳನ್ನು ನಾಲಿಗೆಗೆ ತಾಗಿಸಿ ಗೆರೆ ಉಜ್ಜಿ ನೋಡುತ್ತಿದ್ದಾಳೆ, ಹೋಗುವುದಿಲ್ಲ ಅದು, ಒಳ್ಳೆಯ ಪೆನ್ನು, ಎಷ್ಟು ಉಜ್ಜಿದರೂ ಕೆಂಪು ಅಕ್ಕಪಕ್ಕದ ಹೆಸರುಗಳಿಗೇ ಹರಡುತ್ತದೆ, ಎಷ್ಟು ನೇರ ಇದೆ ಗೆರೆ, ಆ ಹೊತ್ತು ಏನು ಯೋಚಿಸುತ್ತಿದ್ದಳು, ಏನೂ ಇಲ್ಲ, ಗೆರೆ ಸೊಟ್ಟಗಾಗಬಾರದು ಅಂತ ಅಷ್ಟೆ, ಅದಕ್ಕೇ ಎಡಗೈಯಲ್ಲಿ ಸ್ಕೇಲನ್ನು ಒತ್ತಿ ಹಿಡಿದಿದ್ದಳು, ಎರಡು ಬೆರಳು ಅಗಲಿಸಿ, ಜಾರದ ಹಾಗೆ, ಅಮ್ಮನ ಹೆಸರಿನ ಮೇಲೆ, ಒತ್ತಿ.