ಒಂದೇ ಕೋಣೆಯಲ್ಲಿ ಅಕ್ಕ ತಂಗಿ

ನಾದಿನಿಯ ಫೋನು ಬಂದಾಗ ಅತ್ತೆ ಹೆಸರುಕಾಳು ಆರಿಸುತ್ತಿದ್ದರು. ಹೆರಿಗೆಯಾಗಿ ಮೂರು ತಿಂಗಳಾಗಿದ್ದ ಮಗಳ ದನಿಯಲ್ಲಿ ನಿದ್ದೆಗೆಟ್ಟ ಸುಸ್ತು ಕೇಳಿಸುತ್ತಿತ್ತು.

“ಅಮ್ಮಾ, ಪಾಪು ಕಣ್ಣೇ ಮುಚ್ಚಲ್ಲ. ನಾನು ಚಿಕ್ಕವಳಿದ್ದಾಗ ನೀನೂ ಚಿಕ್ಕಮ್ಮನೂ ಹಾಡ್ತಿದ್ರಲ್ಲ, ಮೋಡದ ಮನೆ ಹಾಡು, ಅದನ್ನ ಹಾಡಿ ಕಳಿಸಿ. ಅತ್ತಿಗೆ ರೆಕಾರ್ಡ್ ಮಾಡ್ತಾಳೆ.”

ಅತ್ತಿಗೆ ಎಂದರೆ ಈ ಮನೆಯ ಸೊಸೆ. ಲಿಫ್ಟ್ ರಿಪೇರಿ ಅವಳ ಕಸುಬು. ಸಂಜೆ ಮನೆಗೆ ಬಂದು ಬೆರಳ ಸಂದಿಯ ಗ್ರೀಸನ್ನು ತಿಕ್ಕಿ ತೊಳೆದು, ಮಲಗುವ ಕೋಣೆಯ ಮೂಲೆಯಲ್ಲಿ ಹಳೇ ಲ್ಯಾಪ್‌ಟಾಪಿನ ಮುಂದೆ ಕೂತರೆ ಮುಗಿಯಿತು, ಅವಳನ್ನು ಊಟಕ್ಕೆ ಎಬ್ಬಿಸಲು ಗಂಡ ಮೂರು ಸಲ ಕರೆಯಬೇಕು. ಒಂದು ಮೈಕು, ಒಂದು ಜೊತೆ ಹೆಡ್‌ಫೋನು, ಸಣ್ಣದೊಂದು ಕೀಬೋರ್ಡು. ಅವಳ ಸ್ಟುಡಿಯೋ ಎಂದರೆ ಅಷ್ಟೇ.

ಹಾಡೇನೋ ಚಿಕ್ಕದು. ಗಡಿಯಾರ ರಿಪೇರಿ ಮಾಡುತ್ತಿದ್ದ ಅತ್ತೆಯ ಅಪ್ಪ ಇಬ್ಬರು ಹೆಣ್ಣುಮಕ್ಕಳನ್ನು ಮಲಗಿಸಲು ಕಟ್ಟಿದ್ದು. ಅಕ್ಕ ಕೇಳಬೇಕು, ತಂಗಿ ಉತ್ತರ ಹೇಳಬೇಕು.

ಮೋಡದ ಮನೆಯಲಿ ಯಾರಿದ್ದಾರೆ?
ಮಳೆಹನಿಯಮ್ಮ ಮಲಗಿದ್ದಾಳೆ.
ಬಾಗಿಲು ತಟ್ಟಿ ಎಬ್ಬಿಸಲೇನೆ?
ಬೇಡವೆ ಅಕ್ಕ, ನೆನೆಸಿಬಿಟ್ಟಾಳೆ.

ಒಬ್ಬರೇ ಹಾಡಿದರೆ ಅರ್ಧ ಹಾಡು. ತಂಗಿ, ಅಂದರೆ ಮನೆಮಂದಿಗೆಲ್ಲ ಚಿಕ್ಕಮ್ಮ, ಇರುವುದು ರೈಲಿನಲ್ಲಿ ಒಂದೂವರೆ ದಿನದ ದಾರಿ. ಅಕ್ಕನ ಮಂಡಿ, ತಂಗಿಯ ಸೊಂಟ ಎರಡೂ ಸೇರಿ ಸಂಚು ಮಾಡಿ ಆರು ವರ್ಷದಿಂದ ಅವರನ್ನು ಒಂದು ಕಡೆ ಸೇರಲು ಬಿಟ್ಟಿರಲಿಲ್ಲ.

“ಅದಕ್ಕೇನಂತೆ? ನೀವಿಲ್ಲಿ ಹಾಡಿ, ಅವರಲ್ಲಿ ಹಾಡ್ಲಿ. ನಾನು ಜೋಡಿಸ್ತೀನಿ” ಎಂದಳು ಸೊಸೆ. ಹತ್ತು ನಿಮಿಷದ ಕೆಲಸ ಎಂದುಕೊಂಡಿದ್ದಳು ಪಾಪ.

ಬಟ್ಟೆಯ ಬೀರುವಿನ ಬಾಗಿಲು ತೆರೆದು, ರಜಾಯಿಗಳ ನಡುವೆ ಮೈಕು ಇಟ್ಟು, ಅದರ ಮುಂದೆ ಅತ್ತೆಯನ್ನು ನಿಲ್ಲಿಸಿದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ಯಂತ್ರಗಳ ಗದ್ದಲದ ಮೇಲೆ ಹಾಡಿ ಪಳಗಿದ ದನಿ ಅದು. ಬೀರು ಅದನ್ನು ಪೂರ್ತಿ ನುಂಗಿ ನೀರು ಕುಡಿಯಿತು. ಹೆಡ್‌ಫೋನಿನಲ್ಲಿ ತಮ್ಮ ಹಾಡು ಕೇಳಿದ ಅತ್ತೆಯ ಮುಖ ಸಪ್ಪಗಾಯಿತು.

“ಇದೇನೇ ಇದು, ನಾನು ಡಬ್ಬಿಯೊಳಗೆ ಕೂತ ಹಾಗಿದೆ. ಹಾಡಿಗೆ ಉಸಿರೇ ಇಲ್ಲ.”

“ಹಾಗೇ ಇರಬೇಕು ಅತ್ತೆ. ಈಗ ಗೋಡೆಗಳ ಸದ್ದು ಇಲ್ಲ. ಕೋಣೆಯಲ್ಲಿ ಹಾಡಿದ್ರೆ ದನಿ ಗೋಡೆಗೆ ತಾಗಿ ವಾಪಸ್ ಬರುತ್ತಲ್ಲ, ಅದನ್ನ ಆಮೇಲೆ ಕಂಪ್ಯೂಟರಲ್ಲಿ ಸೇರಿಸೋದು. ಅದಕ್ಕೆ ರಿವರ್ಬ್ ಅಂತಾರೆ.”

“ಅಂದ್ರೆ ನನಗೆ ಕಂಪ್ಯೂಟರಲ್ಲೇ ಒಂದು ಕೋಣೆ ಕಟ್ಟಿಸಿಕೊಡ್ತೀಯಾ?”

“ಹೂಂ.”

“ಕಿಟಕಿ ಇರ್ಲಿ” ಎಂದು ಅತ್ತೆ ಮತ್ತೆ ಕಾಳು ಆರಿಸಲು ಹೋದರು.

ಕೋಣೆ ಕಟ್ಟಲು ಬೇಕಾದ ಪ್ಲಗಿನ್‌ಗಳೆಂಬ ಚಿಕ್ಕ ಸಾಫ್ಟ್‌ವೇರುಗಳು ಅಂತರ್ಜಾಲದಲ್ಲಿ ಲೆಕ್ಕವಿಲ್ಲದಷ್ಟಿದ್ದವು. ದೊಡ್ಡ ಹೆಸರಿನವುಗಳ ಬೆಲೆ ನೋಡಿದ ಸೊಸೆ ಬಿಸಿ ತಾಗಿದಂತೆ ಆ ಪುಟ ಮುಚ್ಚಿದಳು. ಕೆಲಸದ ಬೂಟು ತಳ ಬಿಟ್ಟಿತ್ತು. ಹೊಸ ಬೂಟಿಗಿಂತ ಹೆಚ್ಚು ಬೆಲೆಯ ರಿವರ್ಬ್ ಕೊಳ್ಳುವುದಿಲ್ಲ ಎಂದು ತನಗೆ ತಾನೇ ಗೆರೆ ಎಳೆದುಕೊಂಡಳು.

ಮೊದಲು ರೆಕಾರ್ಡಿಂಗ್ ಸಾಫ್ಟ್‌ವೇರಿನ ಜೊತೆಗೇ ಬಂದಿದ್ದನ್ನು ಹಾಕಿ ನೋಡಿದಳು. ಅತ್ತೆಯ ದನಿ ತಗಡಿನ ಶೆಡ್ಡಿನಲ್ಲಿ ಗುಂಡಿ ಉದುರಿಸಿದಂತೆ ಕಿಣಿಕಿಣಿ ಎಂದಿತು. ಆಮೇಲೆ ಎಲ್ಲರೂ ಹೊಗಳುತ್ತಿದ್ದ ಪುಕ್ಕಟೆಯದೊಂದು. ಅದು ನಿಜಕ್ಕೂ ಚೆನ್ನಾಗಿತ್ತು, ಆದರೆ ಅದಕ್ಕೆ ಗೊತ್ತಿದ್ದದ್ದೆಲ್ಲ ದೊಡ್ಡ ದೊಡ್ಡ ಜಾಗಗಳೇ. “ಯಾರಿದ್ದಾರೆ” ಎಂಬುದರ ಬಾಲ ಎಳೆದು ಎಳೆದು ಮುಂದಿನ ಸಾಲಿನ ಕಾಲಿಗೆ ತೊಡರುತ್ತಿತ್ತು. “ಇದು ಈಜುಕೊಳ. ಮಗು ಮಲಗಲ್ಲ, ಮುಳುಗುತ್ತೆ” ಎಂದರು ಅತ್ತೆ.

ಮೂರನೆಯದು ಭಾರೀ ಬೆಲೆಯದು. ಕೊಳ್ಳುವ ಮೊದಲು ಒಂದು ತಿಂಗಳು ಬಳಸಿ ನೋಡಬಹುದಿತ್ತು. ಹಾಕುತ್ತಿದ್ದಂತೆ ಸೊಸೆಯ ತೋಳಿನ ಕೂದಲು ನಿಮಿರಿತು. ಅಷ್ಟು ನಯ. ಅತ್ತೆಯೂ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಇದ್ದಕ್ಕಿದ್ದಂತೆ ಹಾಡಿನ ನಡುವೆ “ಶ್ಶ್ಶ್” ಎಂಬ ಸದ್ದು.

ಅತ್ತೆ ಕಣ್ಣು ಬಿಟ್ಟರು. “ಯಾರದು ನನಗೆ ಸುಮ್ನಿರು ಅಂದಿದ್ದು?”

“ಯಾರೂ ಇಲ್ಲ ಅತ್ತೆ. ದುಡ್ಡು ಕೊಡೋವರೆಗೂ ಅದು ಅರ್ಧ ನಿಮಿಷಕ್ಕೊಂದ್ಸಲ ಹಾಗೆ ಅನ್ನುತ್ತೆ.”

“ಲಾಂಡ್ರಿ ಸೂಪರ್‌ವೈಸರೇ ಇದಕ್ಕಿಂತ ವಾಸಿ. ಅವನು ದಿನಕ್ಕೆ ಎರಡೇ ಸಲ ಅಂತಿದ್ದ.”

ಗಂಡ ಬಾಗಿಲಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಡ್ರೈವಿಂಗ್ ಕಲಿಸುವವನು. ದಿನವಿಡೀ ಹಾರ್ನ್ ಕೇಳುವ ಅವನಿಗೆ ಹಾರ್ನ್ ಅಲ್ಲದ ಯಾವ ಸದ್ದೂ ಸಂಗೀತವೇ.

ಅಷ್ಟರಲ್ಲಿ ಚಿಕ್ಕಮ್ಮನ ರೆಕಾರ್ಡಿಂಗ್ ಬಂತು. ಅಡುಗೆಮನೆಯಲ್ಲಿ ಫೋನು ಹಿಡಿದು ಹಾಡಿದ್ದರು. ದನಿ ಇನ್ನೂ ಇಪ್ಪತ್ತರ ಹುಡುಗಿಯದು. ಎರಡನ್ನೂ ಜೋಡಿಸಿದರೆ ಮಾತ್ರ ಎಡವಟ್ಟು. ಅಕ್ಕ ಎಲ್ಲೋ ಕೇಳುತ್ತಾಳೆ, ತಂಗಿ ಇನ್ನೆಲ್ಲೋ ಉತ್ತರಿಸುತ್ತಾಳೆ. ನಡುವೆ ಒಂದೂವರೆ ದಿನದ ರೈಲುದಾರಿ ಹಾಗೇ ಬಿದ್ದುಕೊಂಡಿತ್ತು. ಸೊಸೆ ಎರಡು ವಾರ ರಿವರ್ಬ್‌ಗಳನ್ನು ಬದಲಿಸಿದ್ದೇ ಬದಲಿಸಿದ್ದು. ಅಗ್ಗದ್ದು, ಪುಕ್ಕಟೆಯದು, ರಿಯಾಯಿತಿಯದು, ಒಟ್ಟು ಒಂಬತ್ತು. ತಂಗಿ ಮಾತ್ರ ಅಕ್ಕನ ಹತ್ತಿರ ಬರಲೊಲ್ಲಳು.

ವಿಷಯ ಹೊಳೆದದ್ದು ಕೆಲಸದಲ್ಲಿ. ಹದಿನಾಲ್ಕು ಮಹಡಿಯ ಕಟ್ಟಡವೊಂದರಲ್ಲಿ ಅವಳು ಲಿಫ್ಟಿನ ನೆತ್ತಿಯ ಮೇಲೆ ನಿಂತು ಹಗ್ಗಗಳನ್ನು ಪರೀಕ್ಷಿಸುತ್ತಿದ್ದಳು. ಜೊತೆಗಾರ, ಎಲ್ಲರೂ ಗ್ರೀಸಣ್ಣ ಎಂದು ಕರೆಯುವ ಹಿರಿಯ ಮೆಕ್ಯಾನಿಕ್, ಮೇಲಿನ ಮೋಟಾರು ಕೋಣೆಯಲ್ಲಿದ್ದ. ವಾಕಿಟಾಕಿಯಲ್ಲಿ ಅವನ ದನಿ ಬಂತು. “ಒಂದಡಿ ಇಳಿಸ್ಲಾ?”

ಅವಳು ನಿಂತಿದ್ದದ್ದು ಉದ್ದನೆಯ ಕತ್ತಲ ಕೊಳವೆಯಲ್ಲಿ. ಅವನ ದನಿಯ ಸುತ್ತ ಇದ್ದದ್ದು ಮೋಟಾರಿನ ಗುರ್ರ್, ತಗ್ಗು ಸೂರು, ಕಬ್ಬಿಣದ ಬಾಗಿಲು. ಅವಳ ಕಿವಿಯ ಪಕ್ಕದಲ್ಲೇ ಮಾತಾಡಿದರೂ ಅವನು ತನ್ನ ಕೋಣೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದಿದ್ದ.

“ಅಡುಗೆಮನೆ!” ಎಂದು ಕೂಗಿದಳು.

“ಏನು?”

“ಚಿಕ್ಕಮ್ಮ ಅಡುಗೆಮನೇನ ಹೊತ್ಕೊಂಡು ಬಂದಿದ್ದಾರೆ!”

“ನೀನು ನೀರು ಕುಡಿದು ಎಷ್ಟು ಹೊತ್ತಾಯ್ತಮ್ಮ?” ಎಂದು ಗ್ರೀಸಣ್ಣ ಮೆಲ್ಲಗೆ ಕೇಳಿದ.

ತಪ್ಪು ರಿವರ್ಬಿನದಾಗಿರಲಿಲ್ಲ. ಚಿಕ್ಕಮ್ಮನ ದನಿಯಲ್ಲಿ ಆಗಲೇ ಒಂದು ಕೋಣೆ ಇತ್ತು, ನುಣುಪು ಟೈಲ್ಸ್, ಗುಂಯ್‌ಗುಡುವ ಫ್ರಿಜ್ಜು ಎಲ್ಲ ಸಮೇತ. ಅದರ ಮೇಲೆ ಇನ್ನೊಂದು ಕೋಣೆ ಹೇರಿದರೆ ಆಗುವುದು ಕೋಣೆಯಲ್ಲ, ಗೊಂದಲ.

ಭಾನುವಾರ ಬೆಳಿಗ್ಗೆ ವಿಡಿಯೋ ಕರೆ ಮಾಡಿ ಸೊಸೆ ವಿವರಿಸಿದಳು. ಚಿಕ್ಕಮ್ಮ ಗಲ್ಲದ ಮೇಲೆ ಬೆರಳಿಟ್ಟು ಕೇಳಿಸಿಕೊಂಡರು. “ಅಂದ್ರೆ ನಾನು ರಜಾಯಿ ಹೊದ್ದು ಹಾಡ್ಬೇಕು?”

“ಹೌದು ಚಿಕ್ಕಮ್ಮ. ಸದ್ಯಕ್ಕೆ ನಿಮಗೆ ಗೋಡೆಗಳೇ ಬೇಡ.”

“ಈ ಬಿಸಿಲಲ್ಲಿ?”

“ನಿಮ್ಮಕ್ಕ ಬೀರುವಿನೊಳಗೆ ಹಾಡಿದ್ದಾರೆ.”

ಆ ಒಂದು ಮಾತು ಸಾಕಾಯಿತು. ಅಕ್ಕ ಮಾಡಿದ್ದನ್ನು ತಾನು ಮಾಡಲಾರೆ ಎಂದು ಚಿಕ್ಕಮ್ಮ ಹುಟ್ಟಿದಾಗಿನಿಂದ ಒಪ್ಪಿದವರಲ್ಲ. ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಚಿಕ್ಕಪ್ಪ ಎರಡು ರಜಾಯಿಗಳನ್ನು ಅವರ ತಲೆಯ ಮೇಲೆ ಹೊದಿಸಿ, ನಡುವೆ ಕೋಲು ಆನಿಸಿ ಡೇರೆ ಮಾಡಿದರು. ಡೇರೆಯೊಳಗಿಂದ ಅಪ್ಪಣೆಗಳು ಬರತೊಡಗಿದವು. “ಅಲ್ಲಾಡಿಸ್ಬೇಡಿ ಅಂದ್ರೆ! ಉಸಿರು ಬಿಡಬೇಡಿ, ಕೇಳುತ್ತೆ!”

“ಎಷ್ಟು ಹೊತ್ತೇ?”

“ಹಾಡು ಮುಗಿಯೋವರೆಗೂ!”

ಚಿಕ್ಕಪ್ಪ ಕೆನ್ನೆ ಉಬ್ಬಿಸಿ, ಕೋಲು ಹಿಡಿದು, ಕೆಂಪು ಮುಖದಲ್ಲಿ ನಿಂತಿದ್ದನ್ನು ಈ ಕಡೆಯಿಂದ ನೋಡುತ್ತಿದ್ದ ಅತ್ತೆ ಸೆರಗು ಬಾಯಿಗೆ ತುರುಕಿಕೊಂಡರು. ನಾಲ್ಕನೆಯ ಸಲಕ್ಕೆ ಹಾಡು ಚೊಕ್ಕವಾಗಿ ಬಂತು. ಬೆವರಲ್ಲಿ ತೊಯ್ದ ಚಿಕ್ಕಮ್ಮ ಹೊರಬಂದು, “ನೀವೀಗ ಉಸಿರಾಡಬಹುದು” ಎಂದು ಗಂಡನಿಗೆ ಅನುಮತಿ ಕೊಟ್ಟರು.

ಈಗ ಎರಡೂ ದನಿಗಳು ಒಣಗಿದ್ದವು. ಎರಡಕ್ಕೂ ಮನೆ ಇರಲಿಲ್ಲ. ಒಂಬತ್ತರಲ್ಲಿ ಸೊಸೆ ಮೂರನ್ನು ಉಳಿಸಿಕೊಂಡಳು. ಅವುಗಳಲ್ಲಿ ಒಂದು ಆ ಶ್ಶ್ಶ್ ಎನ್ನುವ ದುಬಾರಿಯದು, ಒಂದು ಪುಕ್ಕಟೆಯದು. ಮೂರನೆಯದನ್ನು ಮಾಡಿದ್ದು ಯಾರೋ ಇಬ್ಬರೇ ಸೇರಿ ನಡೆಸುವ ಪುಟ್ಟ ಕಂಪನಿ. ನೋಡಲು ಏನೂ ಚೆಂದವಿಲ್ಲ, ಬೂದು ಬಣ್ಣ, ಐದೇ ಗುಂಡಿಗಳು. ಕೋಣೆ ಎಷ್ಟು ದೊಡ್ಡದು, ಗೋಡೆ ಎಷ್ಟು ಮೆತ್ತಗಿದೆ, ಹಾಡುವವರು ಎಷ್ಟು ದೂರ, ಇಂಥವು. ಬೆಲೆ ಬೂಟಿನ ಅರ್ಧ.

ಯಾವುದು ಯಾವುದೆಂದು ಹೇಳದೆ ಮೂರನ್ನೂ ಮನೆಯವರಿಗೆ ಕೇಳಿಸಿದಳು. ಗಂಡ ದುಬಾರಿಯದಕ್ಕೆ ಕೈ ಎತ್ತಿದ. ಸೊಸೆಗೂ ಒಳಗೊಳಗೇ ಅದೇ ಇಷ್ಟವಿತ್ತು. ಅತ್ತೆ ಮಾತ್ರ ಎರಡನೆಯದಾಗಿ ಕೇಳಿಸಿದ್ದನ್ನು ಮತ್ತೆ ಹಾಕು ಎಂದರು. ಮತ್ತೆ. ಮೂರನೇ ಸಲ ಕೇಳುವಾಗ ಅವರ ಎಡಗೈ ತಾನಾಗಿ ಪಕ್ಕದ ಖಾಲಿ ಜಾಗದ ಕಡೆ ಸರಿದದ್ದನ್ನು ಸೊಸೆ ನೋಡಿದಳು.

“ಇವನು ಕೈ ಎತ್ತಿದ್ದರಲ್ಲಿ ನನ್ನ ತಂಗಿ ಸ್ಟೇಜ್ ಮೇಲೆ ನಿಂತಿದ್ದಾಳೆ. ಚೆನ್ನಾಗಿದೆ, ಚಪ್ಪಾಳೆ ಹೊಡೀಬಹುದು. ಇದರಲ್ಲಿ ಇಲ್ಲೇ ಕೂತಿದ್ದಾಳೆ, ನನ್ನ ಪಕ್ಕ. ಚಾಪೆ ಮೇಲೆ.” ಅತ್ತೆ ಸೊಸೆಯ ಕಡೆ ತಿರುಗಿದರು. “ಇದು ಯಾವುದು, ತುಂಬಾ ದುಡ್ಡಿಂದಾ?”

ಅದು ಬೂದು ಬಣ್ಣದ್ದು. ಸೊಸೆ ಎದ್ದು ಅತ್ತೆಯನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಬೆಲೆ ಕೇಳಿದ್ದಕ್ಕೆ ಹೀಗೇಕೆ ತಬ್ಬುತ್ತಾಳೆಂದು ಅತ್ತೆಗೆ ತಿಳಿಯಲಿಲ್ಲ, ಆದರೂ ಬೆನ್ನು ತಟ್ಟಿದರು. ಅರ್ಧ ಗಂಟೆಯಲ್ಲಿ ಪ್ಲಗಿನ್ ಕೊಂಡಾಯಿತು. ಇಬ್ಬರನ್ನೂ ಅದೇ ಕೋಣೆಗೆ ಕಳಿಸಿ, ಅಕ್ಕನನ್ನು ತುಸು ಬಲಕ್ಕೆ, ತಂಗಿಯನ್ನು ತುಸು ಎಡಕ್ಕೆ, ಕೈಚಾಚಿದರೆ ಸಿಗುವಷ್ಟು ಹತ್ತಿರ ಕೂರಿಸಿದಳು.

ಮಧ್ಯಾಹ್ನ ಚಿಕ್ಕಮ್ಮನಿಗೆ ಹಾಡು ಕಳಿಸಿದರು. ಎರಡು ನಿಮಿಷದಲ್ಲಿ ಕರೆ ಬಂತು. ಪರದೆಯ ತುಂಬ ಚಿಕ್ಕಮ್ಮನ ಮೂಗು.

“ಅಕ್ಕಾ, ಇದು ಯಾವ ಮನೆ? ನಾವಿಬ್ರೂ ಅಲ್ಲಿಗೆ ಯಾವಾಗ ಹೋಗಿದ್ವಿ?”

“ಯಾವ ಮನೇನೂ ಅಲ್ವೇ. ಇವಳು ಕಟ್ಟಿದ್ದು.”

ಆ ಕಡೆ ಚಿಕ್ಕಮ್ಮ ಮೂಗು ಒರೆಸಿಕೊಂಡರು. ಆಮೇಲೆ, “ಎಲ್ಲಾ ಸರಿ, ನಿನ್ನ ದನಿ ಮಾತ್ರ ಜೋರಾಗಿದೆ. ಮೊದಲಿಂದಲೂ ನಿಂದು ಇದೇ ಕತೆ.”

“ನಿಂದು ಕೇಳದಿದ್ರೆ ನಾನೇನು ಮಾಡ್ಲಿ? ಬಾಯಿ ಬಿಟ್ಟು ಹಾಡು!”

ಜಗಳ ನಲವತ್ತು ನಿಮಿಷ ನಡೆಯಿತು. ಅಷ್ಟು ಸೊಗಸಾದ ಜಗಳವನ್ನು ಸೊಸೆ ಆ ಮನೆಗೆ ಬಂದ ಮೇಲೆ ಕೇಳಿರಲಿಲ್ಲ. ಚಿಕ್ಕಮ್ಮನ ಸಮಾಧಾನಕ್ಕೆ ಅವರ ದನಿಯನ್ನು ಕೂದಲೆಳೆಯಷ್ಟು ಏರಿಸಿ ನಾದಿನಿಗೆ ಕಳಿಸಿದಳು.

ನಾದಿನಿಯ ಉತ್ತರ ಮಾರನೆಯ ದಿನ ಬಂತು, ಒಂದು ವಿಡಿಯೋ. ಹಾಡು ಶುರುವಾಗುತ್ತಿದ್ದಂತೆ ಮಗು ಅಳು ನಿಲ್ಲಿಸಿತು. ಅಕ್ಕ ಕೇಳಿದಾಗ ಒಂದು ಕಡೆ, ತಂಗಿ ಉತ್ತರಿಸಿದಾಗ ಇನ್ನೊಂದು ಕಡೆ ಕತ್ತು ತಿರುಗಿಸಿ, ಕಾಲು ಝಾಡಿಸಿ, ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕಿತು. ನಿದ್ದೆಯ ಸುಳಿವೇ ಇಲ್ಲ. “ಮಲಗಿದ್ದು ಇವರು” ಎಂದು ನಾದಿನಿ ಕ್ಯಾಮೆರಾ ತಿರುಗಿಸಿದಳು. ಸೋಫಾದಲ್ಲಿ ಅವಳ ಗಂಡ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

ಅತ್ತೆ ಆ ವಿಡಿಯೋವನ್ನು ಕಂಡವರಿಗೆಲ್ಲ ತೋರಿಸಿದರು. ಮೂರನೇ ದಿನ ಚಿಕ್ಕಮ್ಮ ಫೋನು ಮಾಡಿ, ಮೇಳದ ಯಜಮಾನಿಯ ಗತ್ತಿನಲ್ಲಿ ಹೇಳಿದರು. “ಅಪ್ಪ ಕಟ್ಟಿದ ಹಾಡು ಇನ್ನೂ ಏಳಿವೆ. ಬರ್ಕೊಂಡಿದ್ದೀನಿ. ಆದ್ರೆ ರಜಾಯಿಯೊಳಗೆ ನನ್ನ ಕೈಲಾಗಲ್ಲ, ಇವರ ಕೈ ಬೇರೆ ಹಿಡ್ಕೊಂಡಿದೆ. ರೈಲಿಗೆ ಟಿಕೆಟ್ ಮಾಡಿಸಿದ್ದೀನಿ, ಕೆಳಗಿನ ಬರ್ತು. ಶುಕ್ರವಾರ ಸ್ಟೇಷನ್ನಿಗೆ ಯಾರು ಬರ್ತೀರಿ?”

“ನಿನ್ನ ಸೊಂಟ?” ಎಂದರು ಅತ್ತೆ.

“ಅದನ್ನೂ ಕರ್ಕೊಂಡು ಬರ್ತೀನಿ.”

ಅತ್ತೆ ಫೋನು ಇಟ್ಟು, ಕುರ್ಚಿ ಹಿಡಿದು ಎದ್ದು, ಇನ್ನೊಂದು ದಿಂಬಿಗೆ ಕವರು ಹುಡುಕಲು ಹೊರಟರು. ಆರು ವರ್ಷದಿಂದ ಕಿರಿಕಿರಿ ಮಾಡುತ್ತಿದ್ದ ಮಂಡಿ ಆ ಹೊತ್ತು ತುಟಿಪಿಟಕ್ಕೆನ್ನಲಿಲ್ಲ. ಸೊಸೆ ಗ್ರೀಸಣ್ಣನಿಗೆ ಫೋನು ಮಾಡಿ ಶುಕ್ರವಾರ ರಜೆ ಎಂದಳು. “ಮತ್ತೆ ಅಡುಗೆಮನೆ ಬರ್ತಿದೆಯಾ?” ಎಂದು ಅವನು ಕೇಳಿದ. “ಇಲ್ಲ,” ಎಂದು ಅವಳು ನಕ್ಕಳು, “ಈ ಸಲ ಚಿಕ್ಕಮ್ಮ ಒಬ್ಬರೇ.”