ಸಂಡಿಗೆಯ ಜೊತೆ ಒಣಗಿದ ಹಾವಸೆ

ಸೋಲಾಪುರದ ಕಾಲೇಜಿನ ಪ್ರಯೋಗಶಾಲೆಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆಯ ಹೊತ್ತಿಗೆ ಡಬ್ಬಿ ತೆರೆದೆ. ಹಸಿರು ಹಾವಸೆ ಇರಬೇಕಾದಲ್ಲಿ ಕಂದು ಪುಡಿ. ಮೂಲೆಯಲ್ಲೊಂದು ಸಂಡಿಗೆಯ ಚೂರು. ಎಲ್ಲ ತಿಳಿಯಿತು.

ಮೈಂದರ್ಗಿಯ ನೀಲಾಬಾಯಿ ಅತ್ತೆ ಪೇಟೆಗೆ ಹೋಗುವುದನ್ನೆಲ್ಲ ಒಣಗಿಸಿಯೇ ಕಳಿಸುವವಳು. ತನ್ನ ಬಾವಿಯ ಕಲ್ಲಿನಿಂದ ನಾನು ಕೆರೆದಿಟ್ಟಿದ್ದ ಪುಟ್ಟ ಎಲೆಗಳ ಹಾವಸೆಯನ್ನೂ ಮಾಳಿಗೆಯ ಮೇಲೆ ಸಂಡಿಗೆಯ ಪಕ್ಕ ಹರವಿದ್ದಳು. ಬಸ್ಸು ಹತ್ತಿಸುವಾಗ, "ಕೆಡಂಗಿಲ್ಲ, ಚಿಂತಿ ಮಾಡಬ್ಯಾಡ ನಿಂಗಣ್ಣ" ಅಂದಿದ್ದಳು.

ಹೋದ ವರ್ಷ, ಎಪ್ಪತ್ಮೂರರಲ್ಲಿ, ಪ್ರಾಕ್ಟಿಕಲ್ಲಿನಲ್ಲೇ ನಪಾಸಾಗಿದ್ದೆ. ಈ ಸಲವೂ ಹೋದರೆ ಓದು ಮುಗಿಯಿತು. ಹೋಟಗಿಯ ಗೋದಾಮಿನಲ್ಲಿ ಕಾರಕೂನಿಕೆ ಎಂದು ಅಪ್ಪ ಹೇಳಿಯಾಗಿತ್ತು.

ಪರೀಕ್ಷೆಗೆ ಕೊಟ್ಟ ಕೆಲಸ: ಒಂದು ಪಕ್ಷಿ, ಒಂದು ಹಾವಸೆ; ಎರಡನ್ನೂ ಹೋಲಿಸಬೇಕು. ಪಕ್ಷಿಯ ಪರವಾಗಿ ಅದೇ ಬಾವಿಯ ಗೀಜಗನ ಹಳೆಯ ಗೂಡು ತಂದಿದ್ದೆ.

ಹೊರಗಿಂದ ಬಂದ ಪರೀಕ್ಷಕರು ಡಬ್ಬಿಯಲ್ಲಿ ಇಣುಕಿ ಮರಾಠಿಯಲ್ಲಿ ಕೇಳಿದರು: "ಇದೇನು, ಚಹಾಪುಡಿಯೇ?"

ಹಿಂದೆ ನಿಂತ ಹುಡುಗರು ನಕ್ಕರು. ನಾನು ಪುಡಿಯ ಮೇಲೆ ನಾಲ್ಕು ಹನಿ ನೀರು ಬಿಟ್ಟೆ. ಒಣಗಿದ್ದು ಬಿಚ್ಚಿಕೊಳ್ಳುತ್ತದೆಂದು ಓದಿದ್ದೆ, ನೋಡಿರಲಿಲ್ಲ. "ಸ್ವಲ್ಪ ಹೊತ್ತಿಗೆ ಬಿಚ್ಚಿಕೊಳ್ಳುತ್ತದೆ ಸರ್" ಅಂದೆ.

"ಅಲ್ಲಿಯವರೆಗೆ ಮಾತಾಡು," ಅಂದರು ಪರೀಕ್ಷಕರು.

ಪುಸ್ತಕದ ಮಾತು ಒಂದೂ ನೆನಪಾಗಲಿಲ್ಲ. ಬಾವಿ ನೆನಪಾಯಿತು.

"ಎಪ್ಪತ್ತೆರಡರಲ್ಲಿ ನಮ್ಮತ್ತೆಯ ಬಾವಿ ಬತ್ತಿತ್ತು ಸರ್. ಗೂಡು ನೇಯಲು ಹಸಿ ಹುಲ್ಲಿಲ್ಲ, ಗೀಜಗ ಬರಲೇ ಇಲ್ಲ. ಅದಕ್ಕೆ ರೆಕ್ಕೆ ಇದೆ, ಬೇರೆ ನೀರು ಹುಡುಕಿತು. ಹಾವಸೆ ಎಲ್ಲಿಗೆ ಹೋದೀತು? ಎಲೆ ಮಡಚಿಕೊಂಡು ಕಲ್ಲಿಗೇ ಅಂಟಿ ಕಾಯಿತು. ಮಳೆ ಬಂದಾಗ ಇಬ್ಬರಿಗೂ ಕೆಲಸ ಒಂದೇ ವಾರದಲ್ಲಿ ಸುರುವಾಯಿತು."

ಪರೀಕ್ಷಕರು ಭೂತಗನ್ನಡಿ ಹಿಡಿದು ಬಾಗಿದ್ದರು. ಅದರ ಕೆಳಗೆ ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡು ಹಸಿರಾಗುತ್ತಿದ್ದವು.

"ಒಣಗಿಸಿ ತರುವ ವಿಚಾರ ಯಾರದು?"

"ಅತ್ತೆಯದು ಸರ್."

"ಎಲ್ಲಿ ಕಲಿಸುತ್ತಾರೆ?"

"ಶಾಲೆಗೇ ಹೋಗಿಲ್ಲ."

ಫಲಿತಾಂಶ ಬಂದ ದಿನ ಅಕ್ಕಲಕೋಟೆಯಲ್ಲಿ ಬಸ್ಸು ಬದಲಿಸುವಾಗ ಪೇಢೆ ಕೊಂಡೆ. ಅತ್ತೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳ ಮುಖ ಬಾಡಿತು.

"ಅಯ್ಯ ಶಿವನ! ಅದು ಹಸೀದ ಇರಬೇಕಾಗಿತ್ತೇನ? ಬಾಯಿ ಬಿಟ್ಟ ಹೇಳಬಾರ್ದ?"

"ಹಸೀದಿದ್ರ ಅವ್ರು ಹೊಳ್ಳಿ ಸೈತ ನೋಡ್ತಿರಲಿಲ್ಲ ಅತ್ತಿ. ನಾ ಪಾಸಾಗಿದ್ದು ನಿನ್ನಿಂದ."

ಕಾಲು ಮುಟ್ಟಿದೆ. ಇಷ್ಟು ದಿನ ಹಬ್ಬಕ್ಕೆಂದು ಮುಟ್ಟುತ್ತಿದ್ದ ಕಾಲು. ಇವತ್ತು ಕೈ ತೆಗೆಯಲು ಮನಸ್ಸೇ ಬರಲಿಲ್ಲ.

"ಏಳ ಏಳ, ಸಾಕು," ಅಂದಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಪೇಢೆಕ್ಕ ಇರವಿ ಹತ್ತಾಕತ್ಯಾವ."